ಸುಂದ್ರತ್ತಿಯ ಒಂಬತ್ತು ಸೊಸೆಯಂದಿರು

ಒದ್ದೆ ಬಟ್ಟೆಯ ಗಂಟು ಬಿಚ್ಚಿದೊಡನೆ ಮೊಳಕೆ ಬಂದ ಮಡಕಿ ಕಾಳಿನ ವಾಸನೆ ಮೂಗಿಗೆ ಬಡಿಯಿತು. ಸುವಾಸನೆ ಅನ್ನಲಾಗದು, ದುರ್ವಾಸನೆ ಅಂದರೆ ಪಾಪ ಬಂದೀತು. ಹಸಿ ಮಣ್ಣು, ಹಳೆಯ ಧೋತರ, ಸ್ವಲ್ಪ ಹುಳಿ. ನಮ್ಮ ಮನೆಯಲ್ಲಿ ಭಾನುವಾರದ ಅಡುಗೆ ನನ್ನದು. ನನ್ನ ಪಲ್ಲೆಯನ್ನು ಬೇರೆ ಯಾರೂ ಹೊಗಳದ ಕಾರಣ ಆ ಕೆಲಸವನ್ನೂ ನಾನೇ ಮಾಡಿಕೊಳ್ಳುತ್ತೇನೆ. ಆದರೆ ಈ ವಾಸನೆ ಬಂದಾಗ ಮಾತ್ರ ಕೈ ಒಂದು ಗಳಿಗೆ ನಿಲ್ಲುತ್ತದೆ. ಇದು ನನ್ನ ಸುಂದ್ರತ್ತಿಯ ಸೀರೆಯ ಸೆರಗಿನ ವಾಸನೆ.

ಸುಂದ್ರತ್ತಿ ನನ್ನ ಅಪ್ಪನ ಅಕ್ಕ. ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ಕರೋಶಿಯ ನಮ್ಮ ಮನೆಗೆ ಬಂದವಳು, ಬಂದ ವಾರದಲ್ಲೇ ಅಡುಗೆಮನೆಯ ಅಧಿಕಾರ ಹಿಡಿದಳಂತೆ. ಅವ್ವ ಅದನ್ನು ಮರಳಿ ಕೇಳಲೂ ಇಲ್ಲ, ಕೇಳಿದ್ದರೆ ಸಿಗುತ್ತಲೂ ಇರಲಿಲ್ಲ. ಅತ್ತಿಯ ರಾಜ್ಯದಲ್ಲಿ ಒಂದೇ ಕಾನೂನು: ಕಾಳಿನ ಪಲ್ಲೆ ಇಲ್ಲದೆ ರೊಟ್ಟಿಯ ತಾಟು ಯಾರ ಮುಂದೆಯೂ ಹೋಗಬಾರದು. ಇವತ್ತು ಮಡಕಿ, ನಾಳೆ ಹೆಸರು, ನಾಡಿದ್ದು ಅಲಸಂದಿ. ಬದನೆಕಾಯಿ ಮಾಡಿದ ದಿನವೂ ಪಕ್ಕದಲ್ಲಿ ಒಂದು ಹಿಡಿ ಕಾಳು ಬೀಳಲೇಬೇಕು. ಯಾಕೆ ಎಂದು ಕೇಳಿದರೆ, ರೊಟ್ಟಿ ಒಂದೇ ಹೋದರೆ ಹೊಟ್ಟೆಯೊಳಗೆ ಅದಕ್ಕೆ ಬೇಸರ ಬರುತ್ತದೆ ಅನ್ನುತ್ತಿದ್ದಳು.

ನಾನು ಆಗ ಏಕಸಂಬಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರನಾಗಿ ಸೇರಿ ಮೂರು ವರ್ಷವಾಗಿತ್ತು. ಮೊಬೈಲಿಗೆ ಇನ್ನೂ ಗುಂಡಿಗಳಿದ್ದ ಕಾಲ. ಚಿಕ್ಕೋಡಿಯಲ್ಲಿ ಆಹಾರ ಮತ್ತು ಆರೋಗ್ಯದ ಬಗ್ಗೆ ಮಾಸ್ತರರಿಗೆಲ್ಲ ಮೂರು ದಿನ ತರಬೇತಿ ಕೊಟ್ಟರು. ಹೋಗುವಾಗ ಸಾದಾ ಮನುಷ್ಯನಾಗಿ ಹೋದವನು ಬರುವಾಗ ಅಮೈನೋ ಆಮ್ಲಗಳ ಬಣ್ಣದ ಚಾರ್ಟು ಸುತ್ತಿಕೊಂಡು ಪಂಡಿತನಾಗಿ ಬಂದೆ. ಅದನ್ನು ಅಡುಗೆಮನೆಯ ಗೋಡೆಗೆ, ವಿಠ್ಠಲನ ಕ್ಯಾಲೆಂಡರಿನ ಪಕ್ಕಕ್ಕೇ ಅಂಟಿಸಿ ಅತ್ತಿಗೆ ಪಾಠ ಶುರು ಮಾಡಿದೆ. ಪ್ರೋಟೀನು ಅಂದರೆ ಒಂದು ಸರ, ಅದರ ಮಣಿಗಳೇ ಈ ಆಮ್ಲಗಳು. ಒಟ್ಟು ಇಪ್ಪತ್ತು. ಹನ್ನೊಂದನ್ನು ನಮ್ಮ ದೇಹವೇ ತಯಾರಿಸಿಕೊಳ್ಳುತ್ತದೆ. ಉಳಿದ ಒಂಬತ್ತು ಊಟದಿಂದಲೇ ಬರಬೇಕು. ಬರದಿದ್ದರೆ ಮೈಯಲ್ಲಿ ಕಸುವು ಉಳಿಯುವುದಿಲ್ಲ, ಗಾಯ ಬೇಗ ಮಾಯುವುದಿಲ್ಲ.

ಅತ್ತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಎಲ್ಲ ಕೇಳಿಸಿಕೊಂಡಳು.

"ಅಂದ್ರ ಹನ್ನೊಂದು ಮನೀ ಮಕ್ಕಳು, ಒಂಬತ್ತು ಹೊರಗಿಂದ ಬರೂ ಸೊಸೆಯಂದ್ರು ಅನ್ನು. ಸೊಸಿ ಬರಲಿಲ್ಲಂದ್ರ ಮನಿ ಹೆಂಗ ನಡೀಬೇಕು? ಇದನ್ನ ಕಲಿಯಾಕ ಮೂರು ದಿನ ಬೇಕಾತೇನು ನಿನಗ?"

ನಾನು ಸೋಲಲಿಲ್ಲ. ಜೋಳದಲ್ಲಿ ಲೈಸಿನ್ ಎಂಬ ಸೊಸೆ ಕಡಿಮೆ, ಕಾಳಿನಲ್ಲಿ ಅವಳು ಧಾರಾಳ. ಕಾಳಿನಲ್ಲಿ ಕಡಿಮೆ ಇರುವ ಮೆಥಿಯೋನಿನ್ ಜೋಳದಲ್ಲಿ ಸಿಗುತ್ತದೆ. ಹೀಗೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ ಎಂದು ಅವಳ ಪಲ್ಲೆಯನ್ನೇ ಅವಳಿಗೆ ವಿವರಿಸಿದೆ. ಅಷ್ಟಕ್ಕೇ ಬಿಡದೆ ಮರುದಿನದಿಂದ ಮನೆಯವರೆಲ್ಲರ ತಾಟುಗಳ ತಪಾಸಣೆ ಆರಂಭಿಸಿದೆ. ಅಪ್ಪನ ತಾಟು, ಅವ್ವನ ತಾಟು, ಬಂದ ಬೀಗರ ತಾಟು, ಯಾವುದನ್ನೂ ಬಿಡಲಿಲ್ಲ. ಬೀಗರು ಕಾಳು ಉಳಿಸಿ ಎದ್ದರೆ ಒಂಬತ್ತರ ಲೆಕ್ಕ ಹೇಳಿ ಮತ್ತೆ ಕೂರಿಸುತ್ತಿದ್ದೆ. ಅತ್ತಿ ನನಗೆ ತಾಟಿನ ಸಾಹೇಬ ಎಂದು ಹೆಸರಿಟ್ಟಳು. ಅಪ್ಪನೂ ಹಾಗೇ ಕರೆಯತೊಡಗಿದ. ಒಳಗೊಳಗೆ ನನಗೆ ಖುಷಿಯೇ ಆಗಿತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ.

ಒಂದು ತಾಟನ್ನು ಮಾತ್ರ ನಾನು ನೋಡಲಿಲ್ಲ. ಅತ್ತಿ ಎಲ್ಲರದೂ ಆದಮೇಲೆ ಒಲೆಯ ಮಗ್ಗುಲಲ್ಲಿ ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದಳು. ಅಷ್ಟೊತ್ತಿಗೆ ಸಾಹೇಬರು ಕೈ ತೊಳೆದು ಸಾಲೆಯ ಬಸ್ಸು ಹತ್ತಿರುತ್ತಿದ್ದರು.

ಈ ನಡುವೆ ಅತ್ತಿಯದು ಒಂದು ಬೇಡಿಕೆ ಇತ್ತು. ಸಾಲೆಗೆ ಸೂಟಿ ಬಿಟ್ಟಾಗಲೆಲ್ಲ, ಒಂದು ಸಲ ಪಂಢರಪುರಕ್ಕೆ ಕರೆದುಕೊಂಡು ಹೋಗಪ್ಪಾ ಎಂದು ಕೇಳುತ್ತಿದ್ದಳು. ಅಪ್ಪ, ಅವ್ವ ಇದ್ದಾರಲ್ಲ ಎಂದರೆ, ಇಲ್ಲ, ನಿನ್ನ ಜೊತೆಯೇ ಹೋಗಬೇಕು ಅನ್ನುತ್ತಿದ್ದಳು. ನನಗೋ ಒಮ್ಮೆ ಪರೀಕ್ಷೆಯ ಪೇಪರು, ಒಮ್ಮೆ ಮತದಾರರ ಯಾದಿ. ವಿಠ್ಠಲ ಎಷ್ಟೋ ಕಾಲದಿಂದ ಇಟ್ಟಂಗಿಯ ಮೇಲೆ ನಿಂತಿದ್ದಾನೆ, ದೀಪಾವಳಿಯ ತನಕ ನಿಂತರೆ ಕಾಲು ನೋಯುವುದಿಲ್ಲ ಎಂದು ಚೇಷ್ಟೆ ಮಾಡುತ್ತಿದ್ದೆ. ಮುದುಕಿಗೆ ತಿರುಗಾಟದ ಆಸೆ ಎಂದುಕೊಂಡಿದ್ದೆ. ಅವಳೂ ನಗುತ್ತಿದ್ದಳು.

ಆ ವರ್ಷ ಮೇವು ಕೊಯ್ಯುವಾಗ ಕುಡಗೋಲು ಅವಳ ಕಾಲಿಗೆ ತಾಗಿತು. ಸಣ್ಣ ಗಾಯ. ಎರಡು ವಾರ, ಮೂರು ವಾರ, ತಿಂಗಳಾಯಿತು, ಮಾಯಲೊಲ್ಲದು. ಮೊದಲು ಎಮ್ಮೆಗಿಂತ ಮುಂದೆ ನಡೆಯುತ್ತಿದ್ದವಳು ಈಗ ಕಟ್ಟೆಯ ಮೇಲೆ ಕೂತು ಏದುಸಿರು ಬಿಡುತ್ತಿದ್ದಳು. ನಮ್ಮ ಮನೆಯಲ್ಲಿ ಪೌಷ್ಟಿಕತೆಯ ಕೊರತೆ ಎಂಬ ಮಾತೇ ಇಲ್ಲವಲ್ಲ, ಆದರೂ ಇರಲಿ ಎಂದು ನಿಪ್ಪಾಣಿಗೆ ಹೋಗಿ ಚಾಕೊಲೇಟು ರುಚಿಯ ದೊಡ್ಡದೊಂದು ಪ್ರೋಟೀನು ಪುಡಿಯ ಡಬ್ಬಿ ತಂದೆ. ಇದನ್ನು ಯಾವುದರಿಂದ ಮಾಡಿದ್ದಾರೆ ಎಂದು ಅತ್ತಿ ಕೇಳಿದಳು. ಸೋಯಾ, ಅದೂ ಒಂದು ಕಾಳೇ, ಒಂಬತ್ತು ಸೊಸೆಯಂದಿರೂ ಒಂದೇ ಡಬ್ಬಿಯಲ್ಲಿದ್ದಾರೆ ಎಂದು ಹೆಮ್ಮೆಯಿಂದ ಹೇಳಿದೆ. ಅವಳ ಮುಖ ಸಣ್ಣದಾಯಿತು. ಹಣದ ಚಿಂತೆ ಇರಬೇಕೆಂದುಕೊಂಡೆ.

ವಾರದ ನಂತರ ನೋಡಿದರೆ ಡಬ್ಬಿ ಅರ್ಧ ಖಾಲಿ. ಸಂತೋಷಪಟ್ಟೆ. ಕೊಟ್ಟಿಗೆಗೆ ಹೋದಾಗ ಎಮ್ಮೆಯ ಬಾನಿಯಿಂದ ಚಾಕೊಲೇಟಿನ ವಾಸನೆ ಬರುತ್ತಿತ್ತು. ಹಿಂಡಿಯ ಜೊತೆ ಎರಡು ಹಿಡಿ ಕಲೆಸಿ ದಿನಾ ಎಮ್ಮೆಗೆ ಹಾಕುತ್ತಿದ್ದಳು ಪುಣ್ಯಾತ್ಗಿತ್ತಿ. ನಾನು ರೇಗಿದೆ.

"ಎಮ್ಮಿ ದಿನಾ ಹಾಲ ಕೊಡತೈತಿ," ಅಂದಳು. "ನಾ ತಿಂದ ಏನ ಕೊಡ್ಲಿ?"

ಮರುದಿನವೇ ಅವಳನ್ನೂ ಅವ್ವನನ್ನೂ ಚಿಕ್ಕೋಡಿಯ ಡಾಕ್ಟರ ಹತ್ತಿರ ಕರೆದೊಯ್ದೆ. ರಕ್ತ ಪರೀಕ್ಷೆಯಾಯಿತು. ಸಕ್ಕರೆ ಕಾಯಿಲೆ ಇರಲಿಲ್ಲ. ಪ್ರೋಟೀನು ಬಹಳ ಕಡಿಮೆ ಇದೆ, ಕಾಳು ಬೇಳೆ ಉಣ್ಣುವುದಿಲ್ಲವೇ ಎಂದು ಡಾಕ್ಟರು ಕೇಳಿದರು. ಅವಳು ಬಾಯಿ ತೆರೆಯುವ ಮೊದಲೇ ನಾನು ನಮ್ಮ ಮನೆಯ ಊಟದ ವೈಭವವನ್ನು ವರ್ಣಿಸತೊಡಗಿದೆ. ಡಾಕ್ಟರು ತಾಳ್ಮೆಯಿಂದ ಕೇಳಿ, "ಮಾಸ್ತರ, ನಾ ಇವರನ್ನ ಕೇಳಾಕತ್ತೀನ್ರಿ," ಅಂದರು. ಅತ್ತಿ ನೆಲ ನೋಡುತ್ತಾ ಕೂತಳು.

ಹೊರಗೆ ಬಂದಮೇಲೆ ಅವ್ವನಿಗೆ ತಡೆಯಲಾಗಲಿಲ್ಲ. ನನಗೆ ನೌಕರಿ ಸಿಗದೆ ಮನೆಯಲ್ಲಿ ಕೂತಿದ್ದ ದಿನಗಳಲ್ಲಿ ಅತ್ತಿ ವಿಠ್ಠಲನಿಗೆ ಹರಕೆ ಹೊತ್ತಿದ್ದಳಂತೆ. ಮಗನಿಗೆ ನೌಕರಿ ಆಗಲಿ, ಅವನನ್ನು ನಿನ್ನ ಮುಂದೆ ನಿಲ್ಲಿಸುವವರೆಗೆ ಕಾಳು, ಬೇಳೆ, ಶೇಂಗಾ ಮುಟ್ಟುವುದಿಲ್ಲ ಎಂದು. ತನಗೆ ಬಹಳ ಸೇರುವುದನ್ನೇ ಬಿಡಬೇಕಲ್ಲ. ಹಾಲು ಮೊದಲಿಂದಲೂ ಅವಳಿಗೆ ಆಗದು. ಯಾರ ಸಲುವಾಗಿ ಹೊತ್ತದ್ದೋ ಅವರಿಗೆ ಹರಕೆಯ ಸುದ್ದಿ ತಿಳಿಯಬಾರದು ಎಂಬುದು ನಮ್ಮ ಮನೆಯ ನಡಾವಳಿ. ಹೀಗಾಗಿ ಐದು ವರ್ಷ ನಮಗೆಲ್ಲ ಕಾಳು ಬಡಿಸಿ ತಾನು ಗೋಡೆಗೆ ಮುಖ ಮಾಡಿ ಖಾರದ ಪುಡಿ, ಸೊಪ್ಪಿನ ಜೊತೆ ರೊಟ್ಟಿ ಉಂಡಿದ್ದಳು. ಅದರಲ್ಲಿ ಮೂರು ವರ್ಷ ನನ್ನ ಸೂಟಿಗಳ ದಾನ.

ನನಗೆ ನಾಚಿಕೆಯಾಯಿತು. ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ಕಣ್ಣೀರು ಹಾಕಿದೆ.

ಆ ವಾರವೇ ರಜೆ ಹಾಕಿ, ಪಟ್ಟಿ ಕಟ್ಟಿದ ಕಾಲಿನ ಅತ್ತಿಯನ್ನು ಮೀರಜದ ಮೇಲೆ ಹಾಯ್ದು ಪಂಢರಪುರಕ್ಕೆ ಕರೆದುಕೊಂಡು ಹೋದೆ. ಹರಕೆ ತೀರದೆ ಒಂದು ಕಾಳನ್ನೂ ಮುಟ್ಟಲಾರೆ ಎಂದು ಹಟ ಹಿಡಿದಿದ್ದಳು. ದರ್ಶನದಲ್ಲಿ ನನ್ನ ರಟ್ಟೆ ಹಿಡಿದು ದೇವರ ಎದುರಿಗೆ ತಳ್ಳಿ, ಇವನೇ ನೋಡಪ್ಪಾ ಎಂದು ಮರಾಠಿಯಲ್ಲಿ ಹೇಳಿದಳು. ನಂತರ ಹೊಳೆಯ ಮೆಟ್ಟಿಲ ಮೇಲೆ ಕೂತು ಬುತ್ತಿ ಬಿಚ್ಚಿದಳು. ರೊಟ್ಟಿ, ಮಡಕಿ ಕಾಳಿನ ಪಲ್ಲೆ. ಒಂದು ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿ ಬಹಳ ಹೊತ್ತು ಅಗಿದಳು. ಆಮೇಲೆ ತಾಟನ್ನು ನನ್ನ ಕಡೆ ಸರಿಸಿದಳು.

"ನೋಡ್ರಿ ಸಾಹೇಬ್ರ, ಎಣಿಸ್ರಿ. ಒಂಬತ್ತು ಮಂದೀನೂ ಬಂದಾರೇನು?"

ನನಗೆ ತಾಟೇ ಸರಿಯಾಗಿ ಕಾಣಿಸಲಿಲ್ಲ.

ಗಾಯ ಎರಡು ತಿಂಗಳಲ್ಲಿ ಮಾಯಿತು. ನಾನು ಲೈಸಿನ್ ಅಂದೆ, ಅವಳು ವಿಠ್ಠಲ ಅಂದಳು, ಜಗಳ ಕೊನೆಯವರೆಗೂ ಮುಗಿಯಲಿಲ್ಲ. ಅದಾದಮೇಲೆ ಒಂಬತ್ತು ವರ್ಷ ನಮ್ಮ ಜೊತೆಯಲ್ಲಿ ಕೂತು ಕಾಳು ಉಂಡು ಹೋದಳು.

ಈಗ ಪಲ್ಲೆ ಬೆಂದಿದೆ. ಉಪ್ಪು ತುಸು ಹೆಚ್ಚಾಗಿದೆ, ಹೇಳಬೇಡಿ. ಹೆಂಡತಿ ಇನ್ನೂ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಾಳೆ, ನೀವು ಉಣ್ರಿ, ನಾ ಆಮ್ಯಾಲೆ ಉಣತೀನಿ ಎಂದು ಅಲ್ಲಿಂದಲೇ ಕೂಗುತ್ತಾಳೆ. ಎರಡು ತಾಟು ಹಾಕಿ, ಮೊದಲು ಅವಳ ತಾಟಿಗೆ ಕಾಳು ಬಡಿಸಿ, ಕೈ ಕಟ್ಟಿಕೊಂಡು ಕಾಯುತ್ತಾ ಕೂತಿದ್ದೇನೆ. ಅವಳು ಬಂದು ಎದುರಿಗೆ ಕೂರುವವರೆಗೆ ನಾನು ರೊಟ್ಟಿ ಮುರಿಯುವುದಿಲ್ಲ.