ಮರಿಗಳ ಡಬ್ಬಿಗೆ ಕಿವಿ ಹಚ್ಚಿದವರು

ಖಾನಾಪುರದ ಪಾರ್ಸಲ್ ಆಫೀಸಿನಲ್ಲಿದ್ದ ಚಾಚಾ, ಕೋಳಿಮರಿಗಳ ಡಬ್ಬಿ ಬಂದರೆ ಯಾರಿಗೂ ಹಾಗೇ ಕೊಡುತ್ತಿರಲಿಲ್ಲ. ಟೋಪಿ ಸರಿಸಿ, ರಟ್ಟಿಗೆ ಕಿವಿ ಹಚ್ಚಿ, ಒಳಗಿನ ಚಿಂವ್‌ಚಿಂವ್ ಕೇಳಿ ನಕ್ಕ ಮೇಲೆಯೇ ಪುಸ್ತಕ ಮುಂದಿಡುತ್ತಿದ್ದರು. “ಮೊದ್ಲ ಕಿವಿ, ಆಮ್ಯಾಲ ಸಹಿ,” ಎನ್ನುತ್ತಿದ್ದರು.

ಕಳೆದ ಚಳಿಗಾಲ ನಾನು ಬೆಳಗಾವಿಯ ಖಾಸಬಾಗದ ಮರಿ ಮಾರುವವರಿಗೆ ಫೋನ್ ಮಾಡಿ ಐವತ್ತು ಮರಿ ತರಿಸಿದ್ದೆ. ನಮ್ಮೂರು ಗುಂಜಿಗೆ ಹೋಗುವ ಬಸ್ಸು ತಪ್ಪೀತೆಂದು ಅವಸರದಲ್ಲಿ ಪೆನ್ನು ಹಿಡಿದೆ. ಚಾಚಾ ಡಬ್ಬಿಗೆ ಕಿವಿ ಹಚ್ಚಿದರು. ನಗಲಿಲ್ಲ. ಇನ್ನೊಂದು ಬಾಜು ತಿರುಗಿಸಿ ಮತ್ತೆ ಹಚ್ಚಿದರು.

“ಅಕ್ಕಾರ, ಸಹಿ ಮಾಡಬ್ಯಾಡ್ರಿ.”

ಗಾಳಿಯ ತೂತುಗಳೆಲ್ಲ ಮುಚ್ಚುವಂತೆ ಡಬ್ಬಿಯ ಸುತ್ತ ಪ್ಲಾಸ್ಟಿಕ್ ಬಿಗಿದಿದ್ದರು. ಚಾಚಾ ಅದನ್ನು ಬ್ಲೇಡಿನಿಂದ ಸೀಳಿದರು. ಬಿಸಿ ಹಬೆ ಮುಖಕ್ಕೆ ಹೊಡೆಯಿತು. ಹಳದಿ ಮರಿಗಳು ಒಂದೇ ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದಿದ್ದವು, ಒಂದೂ ಅಲುಗಲಿಲ್ಲ. ಚಾಚಾ ಒಂದು ಮರಿಯನ್ನು ಅಂಗೈಯಲ್ಲಿಟ್ಟುಕೊಂಡು ಅದಕ್ಕೂ ಕಿವಿ ಹಚ್ಚಿದರು.

“ಜೀವ ಇರೋ ಮರಿಗೆ ಯಾರರೆ ಪ್ಲಾಸ್ಟಿಕ್ ಸುತ್ತತಾರೇನ್ರಿ? ಹಿಂಗ ಮಾಡ್ರಿ ಅಂತ ಯಾರ ಹೇಳಿದ್ರು ಅವರಿಗೆ?”

“ಗುಂಜ್ಯಾಗ ಥಂಡಿ ಭಾಳ ಐತ್ರಿ, ಗಾಳಿ ಹೋಗದಂಗ ಸುತ್ತಿ ಕಳಸ್ರಿ” ಎಂದು ಫೋನಿನಲ್ಲಿ ಮತ್ತೆ ಮತ್ತೆ ಹೇಳಿದ್ದವಳು ನಾನೇ.

“ಗೊತ್ತಿಲ್ರಿ ಚಾಚಾ,” ಎಂದೆ.