ಅತ್ತೆಯ ಮೆಶ್ ತೆಗೆದ ಮೇಲೆ

ನನ್ನ ಅತ್ತೆ ಹರಿಣಾಕ್ಷಿಗೆ ಮೀನು ಮಾರುವುದೆಂದರೆ ಪ್ರಾಣ. ಬೆಳಿಗ್ಗೆ ಬೆಂಗ್ರೆಯಿಂದ ದೋಣಿ ಹತ್ತಿ ಮೀನು ಇಳಿಸುವ ಧಕ್ಕೆಗೆ ಬಂದು, ಬುಟ್ಟಿ ತುಂಬಿಸಿಕೊಂಡು ಬೋಳಾರದ ಮನೆಮನೆಗೆ ಹೋಗುತ್ತಾರೆ. ಚೌಕಾಸಿಯಲ್ಲಿ ಎಂಥವರ ಬಾಯಿಯನ್ನೂ ಮುಚ್ಚಿಸುವ ಈ ಹೆಂಗಸು, ಕೆಮ್ಮಿದರೆ ಮೂತ್ರ ಸೋರುತ್ತದೆ ಎಂಬುದನ್ನು ಮಾತ್ರ ವರ್ಷಗಟ್ಟಲೆ ಬಾಯಿಬಿಡಲಿಲ್ಲ. ಕೊನೆಗೆ ಯಾರೋ ಡಾಕ್ಟರು ಮೂತ್ರನಾಳಕ್ಕೆ ಆಧಾರವಾಗಿ ಬಲೆಯಂಥ ಪ್ಲಾಸ್ಟಿಕ್ ಪಟ್ಟಿಯೊಂದನ್ನು ಒಳಗಿಟ್ಟರು. ಅದೇ ಮೆಶ್. ಸೋರುವುದು ನಿಂತಿತು. ಆದರೆ ಕೆಲವು ವರ್ಷಗಳಲ್ಲಿ ತೊಡೆಸಂದಿಯ ನೋವು ಶುರುವಾಗಿ, ಕೂತರೆ ಏಳಲಾಗದು, ಎದ್ದರೆ ಕೂರಲಾಗದು ಎಂಬಂತಾಯಿತು.

ಕಳೆದ ವರ್ಷ ಕಂಕನಾಡಿಯ ಆಸ್ಪತ್ರೆಯೊಂದರಲ್ಲಿ ಅದನ್ನು ತೆಗೆಸಿದೆವು. ನೋವು ಹೋದರೂ ಸೋರುವುದು ಮರಳಿ ಬರಬಹುದು ಎಂದು ಡಾಕ್ಟರ್ ಜಾನೆಟ್ ಮೊದಲೇ ಎಚ್ಚರಿಸಿದ್ದರು. ಅತ್ತೆಗೆ ಅದೊಂದೇ ಹೆದರಿಕೆ. ಸೀರೆ ಒದ್ದೆ ಮಾಡಿಕೊಂಡು ಯಾರ ಬಾಗಿಲಿಗೆ ಹೋಗುವುದು? ಮಾರಾಟ ಬಿಟ್ಟು ಬದುಕುವುದಾದರೂ ಹೇಗೆ?

ಆದರೆ ಸೋರುವುದು ಮರಳಿ ಬರಲೇ ಇಲ್ಲ! ನೋವು ಹೋಯಿತು. ಅತ್ತೆ ಹಗುರದ ಬುಟ್ಟಿ ಹೊತ್ತು ಮತ್ತೆ ಬೋಳಾರಕ್ಕೆ ಹೊರಟರು. ಒಂದು ಹನಿ ಸೋರಲಿಲ್ಲ ಎಂದು ನಾನು ನೆರೆಕರೆಗೆಲ್ಲ ಡಂಗುರ ಸಾರಿ ಬಂದೆ.

ತಪಾಸಣೆಯ ದಿನ ಅತ್ತೆ ಮಾರಾಟ ಮುಗಿಸಿ ನೇರ ಆಸ್ಪತ್ರೆಗೆ ಬಂದರು. ಡಾಕ್ಟರು ಕೆಮ್ಮಲು ಹೇಳಿದರು. ಏನೂ ಆಗಲಿಲ್ಲ. ಸ್ಕ್ಯಾನ್ ಮಾಡಿದರೆ ಮೂತ್ರಕೋಶ ಹೆಚ್ಚುಕಡಿಮೆ ಖಾಲಿ.

"ಇವತ್ತು ನೀರು ಎಷ್ಟು ಕುಡಿದಿದ್ದೀರಿ, ಅಮ್ಮಾ?"

"ಕುಡೀಲಿಲ್ಲ."

"ಬೆಳಿಗ್ಗೆಯಿಂದ?"

"ಮೀನಿಗೆ ಹೊರಟ್ರೆ ಮನೆ ಮುಟ್ಟುವವರೆಗೆ ಕುಡಿಯುವ ಕ್ರಮ ಇಲ್ಲ ಡಾಕ್ಟ್ರೇ. ಮನೆಯಲ್ಲಾದ್ರೆ ಬಚ್ಚಲು ಹತ್ತಿರ ಉಂಟು, ಗಳಿಗೆಗೊಮ್ಮೆ ಹೋಗಿ ಬರ್ತೇನೆ. ದಾರಿಯಲ್ಲಿ ಹೋಗುದೆಲ್ಲಿಗೆ? ನಾವು ಯಾರೂ ಕುಡಿಯುದಿಲ್ಲ."

ನಾನು ದಂಗಾಗಿಬಿಟ್ಟೆ. ಮೇ ತಿಂಗಳ ಉರಿಬಿಸಿಲಲ್ಲೂ ಈ ಹೆಂಗಸರು ಬಾಯಿ ಒಣಗಿಸಿಕೊಂಡೇ ಊರು ಸುತ್ತುತ್ತಿದ್ದರೇ!

ಡಾಕ್ಟರು ಒಂದು ಬಾಟಲಿ ನೀರು ಕುಡಿಸಿ, ಸ್ವಲ್ಪ ಹೊತ್ತು ಕೂರಿಸಿ, ನಿಲ್ಲಿಸಿ ಕೆಮ್ಮಿಸಿದರು. ಮೂತ್ರ ಧಾರೆಯಾಗಿ ಕಾಲಿಗಿಳಿದು ನೆಲವೆಲ್ಲ ಒದ್ದೆಯಾಯಿತು. ಅತ್ತೆ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತರು. ಅವರು ಅಳುವುದನ್ನು ನಾನು ಕಂಡದ್ದು ಅದೇ ಮೊದಲು.

"ಇದಕ್ಕೆ ವ್ಯಾಯಾಮ ಉಂಟು, ಬೇಕಾದ್ರೆ ಮೆಶ್ ಇಲ್ಲದ ಆಪರೇಶನ್ ಕೂಡ ಉಂಟು" ಎಂದರು ಡಾಕ್ಟರು. "ಆದ್ರೆ ನೀರು ಕುಡಿಯುದು ಬಿಟ್ರೆ ಸೋಂಕು ಆಗ್ತದೆ, ಕಿಡ್ನಿಗೂ ಕಷ್ಟ. ಕುಡೀಬೇಕು, ಎರಡು ಮೂರು ಗಂಟೆಗೊಮ್ಮೆ ಹೋಗ್ಲೇಬೇಕು."

ಅತ್ತೆ ಮಾರಾಟ ಬಿಡುತ್ತಾರೆ ಎಂದುಕೊಂಡೆ. ಬಿಡಲಿಲ್ಲ. ಮರುದಿನ ಪ್ಯಾಡ್ ಇಟ್ಟುಕೊಂಡು ಹೊರಟು, ದೋಣಿಯಲ್ಲೇ ಬಾಟಲಿ ಎತ್ತಿ ಗಟಗಟ ಕುಡಿದರು. ಜೊತೆಯ ಹೆಂಗಸರು ಕಣ್ಣುಬಾಯಿ ಬಿಟ್ಟುಕೊಂಡು ನೋಡಿದರು. ಆ ದಿನ ಬುಟ್ಟಿ ಹೊತ್ತವಳು ನಾನು.

ಬೋಳಾರದಲ್ಲಿ ಮೊದಲು ಸಿಗುವುದು ಹಳೆಯ ಗಿರಾಕಿ ವಿನಿಫ್ರೆಡ್ ಬಾಯಮ್ಮನ ಮನೆ. ಅವರು ಪಾತ್ರೆ ಹಿಡಿದುಕೊಂಡು ಹಿತ್ತಿಲ ಬಾಗಿಲಿಗೆ ಬಂದರು.

"ಎಂತ ಮೀನು ಉಂಟು, ಹರಿಣಾಕ್ಷಿ?"

"ಮೀನು ಮತ್ತೆ ಬಾಯಮ್ಮಾ. ನನಗೆ ನಿಮ್ಮ ಬಾತ್‌ರೂಮಿಗೆ ಹೋಗ್ಬೇಕಿತ್ತು."

ಬಾಯಮ್ಮ ಒಂದು ಕ್ಷಣ ತಬ್ಬಿಬ್ಬಾಗಿ, ಮರುಕ್ಷಣ ಅತ್ತೆಯ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ಅತ್ತೆ ಹೊರಬರುವಾಗಲೂ ಅವರು ಪಾತ್ರೆ ಹಿಡಿದುಕೊಂಡು ಅಲ್ಲೇ ನಿಂತಿದ್ದರು.

"ಅಲ್ಲ ಮಾರಾಯ್ತಿ, ನನ್ನ ಮಗ ಇವಾನ್ ಹುಟ್ಟುವ ಮೊದಲಿಂದ ನೀನು ಬರ್ತಾ ಇದ್ದಿ. ಇಷ್ಟು ವರ್ಷ ಎಲ್ಲಿಗೆ ಹೋಗ್ತಿದ್ದದ್ದು?"

"ಎಲ್ಲಿಗೂ ಹೋಗ್ತಿರ್ಲಿಲ್ಲ, ಬಾಯಮ್ಮಾ" ಎಂದರು ಅತ್ತೆ.