ಡ್ರೈಯರ್ ಹಿಡಿಕೆಗೆ ಕಟ್ಟಿದ ಸುತ್ಲಿ

ಕುರುಗೋಡಿನಲ್ಲಿ ಏಳನೇ ತರಗತಿಗೇ ಶಾಲೆ ಬಿಟ್ಟವನು ನಾನು. ಅದನ್ನೇನೂ ಮುಚ್ಚಿಡುವುದಿಲ್ಲ. ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಭತ್ತ ನೆನೆಸಿ, ಹಬೆ ಕೊಟ್ಟು, ಒಣಗಿಸುವ ಮೇಸ್ತ್ರಿ. ಒಂದು ಕಾಳು ಹಲ್ಲಿನಡಿ ಇಟ್ಟರೆ ಡ್ರೈಯರ್ ಯಾವಾಗ ನಿಲ್ಲಿಸಬೇಕೆಂದು ಹೇಳಬಲ್ಲೆ. ತಡವಾದರೆ ಅಕ್ಕಿ ಒಡೆದು ನುಚ್ಚಾಗುತ್ತದೆ.

ಈ ಕೆಲಸವನ್ನು ಕಂಪ್ಯೂಟರಿಗೆ ಕಲಿಸಲು ಬಳ್ಳಾರಿಯಿಂದ ಒಬ್ಬ ಇಂಜಿನಿಯರ್ ಹೆಣ್ಣುಮಗಳು ಬಂದರು. ಹದಿನೈದು ದಿನ ನನ್ನ ಪಕ್ಕ ಸ್ಟೂಲು ಹಾಕಿಕೊಂಡು ಕುಳಿತು, ನಾನು ಹೇಳಿದ್ದನ್ನೆಲ್ಲ ‘ಹೀಗಿದ್ದರೆ ಹಾಗೆ ಮಾಡು’ ಎಂಬ ನಿಯಮಗಳಾಗಿ ಬರೆದುಕೊಂಡರು. ನಿಯಮಗಳು ಇನ್ನೂರು ದಾಟಿದಾಗ ಒಳಗೊಳಗೇ ಹೆಮ್ಮೆಯಾಯಿತು. ತಲೆಯಲ್ಲಿ ಇಷ್ಟಿತ್ತೆಂದು ನನಗೇ ಗೊತ್ತಿರಲಿಲ್ಲ.

ಮೊದಲ ಪರೀಕ್ಷೆಯ ದಿನ ಪರದೆ ಯೋಚಿಸುತ್ತಲೇ ಇತ್ತು. ‘ಈಗ ನಿಲ್ಲಿಸಿ’ ಎಂದು ತೋರಿಸುವಷ್ಟರಲ್ಲಿ ಭತ್ತ ಅತಿಯಾಗಿ ಒಣಗಿತ್ತು.

“ನಿಮ್ಮ ಡಬ್ಬಿಗಿಂತ ನಮ್ಮ ಮೇಸ್ತ್ರಿ ಹಲ್ಲೇ ಜೋರೈತಲ್ರಿ,” ಎಂದರು ಗಿರಣಿಯ ಸಾವ್ಕಾರರು. “ನಾಡಿದ್ದು ಇನ್ನೊಂದ್ಸಲ ನೋಡ್ತೀನಿ. ಆಗ್ಲಿಲ್ಲಂದ್ರ ಅದನ್ನ ಬಸ್ಸಿಗೆ ಹಾಕ್ಕೊಂಡು ಹೋಗಿಬಿಡ್ರಿ.”

ನಾನು ನಗಬೇಕಿತ್ತು. ಆದರೆ ಡಬ್ಬಿಯೊಳಗಿದ್ದದ್ದು ನನ್ನದೇ ಮಾತು. ಅದು ಹಾಗೆ ಬಸ್ಸು ಹತ್ತುವುದು ನನಗೆ ಬೇಕಿರಲಿಲ್ಲ.

“ಮೇಡಂ, ಅದು ಒಳಗ ಏನ್ ಮಾಡಾಕತ್ತೈತಿ?” ಎಂದು ಕೇಳಿದೆ.

“ನೆನಸೋ ತೊಟ್ಟಿ ಎಂಟು, ನಾಕು ಡ್ರೈಯರ್ ಅದಾವಲ್ಲ ಅಣ್ಣಾ. ಎಲ್ಲ್ಯಾರ ಒಂದು ಡಿಗ್ರಿ ಏರಿದ್ರ ಸಾಕು, ಇನ್ನೂರು ನಿಯಮಾನೂ ಮೊದಲಿಂದ ಓದ್ತೈತಿ. ಒಂದೊಂದು ತೊಟ್ಟೀನೂ ಒಂದೊಂದು ಡ್ರೈಯರಿಗೆ ಜೋಡಿಸಿ ನೋಡ್ತೈತಿ.”

“ಒಬ್ಬ ಬೀಡಿ ಹಚ್ಚಿದ್ರ ಗಿರಣಿ ಮಂದೀನೆಲ್ಲ ಹಾಜರಿ ಕರದಂಗಾತು ಬಿಡ್ರಿ.”

ಅವರು ನಕ್ಕರು. ಆಮೇಲೆ, “ಹಂಗಾರ ನೀವು ಹೆಂಗ ಮಾಡ್ತೀರಿ?” ಎಂದರು.

ಅದನ್ನು ನೋಡಿಯೇ ಹೇಳಬೇಕೆಂದುಕೊಂಡೆ. ಮರುದಿನ ಬೆಳಿಗ್ಗೆಯಿಂದ ನನ್ನನ್ನೇ ನಾನು ಕಾವಲು ಕಾದೆ. ತೊಟ್ಟಿಯ ಬಳಿ ನಿಂತಾಗ ಡ್ರೈಯರ್ ನೆನಪಾಗುವುದೇ ಇಲ್ಲ. ಡ್ರೈಯರ್ ಹತ್ತಿರ ಬಂದರೆ ತೊಟ್ಟಿ ಮರೆತಿರುತ್ತದೆ. ನಾನು ಒಬ್ಬನಲ್ಲ. ತೊಟ್ಟಿಗೊಬ್ಬ, ಹಬೆಗೊಬ್ಬ, ಡ್ರೈಯರಿಗೊಬ್ಬ ಎಂದು ಮೂವರಿದ್ದೇನೆ. ಮೇಡಂಗೆ ಹಾಗೆಯೇ ಹೇಳಿದೆ.

ಅವರು ನಿಯಮಗಳನ್ನು ಮೂರು ಗುಂಪು ಮಾಡಿದರು. ಯಾವುದು ಬದಲಾಯಿತೋ ಅದಕ್ಕೆ ಸಂಬಂಧಪಟ್ಟ ನಿಯಮಗಳಷ್ಟೇ ಎದ್ದು ನೋಡುತ್ತವೆ. ಉಳಿದವು ಹಿಂದೆ ಕಂಡದ್ದನ್ನು ನೆನಪಿಟ್ಟುಕೊಂಡು ಸುಮ್ಮನಿರುತ್ತವೆ. ಮಧ್ಯಾಹ್ನ ನೋಡಿದರೆ ಉತ್ತರ ತಕ್ಷಣ ಬಂತು, ಆದರೆ ತಪ್ಪು ಬಂತು. ಮೂರನೇ ಡ್ರೈಯರಿಗೆ ಮಾಮೂಲಿ ಕಾವೇ ಇರಲಿ ಎಂದಿತು. ನಾನಾಗಲೇ ಇಳಿಸಿದ್ದೆ.

“ಯಾಕ ಇಳಿಸಿದ್ರಿ?”

“ಜಾಸ್ತಿ ನೆಂದ ಭತ್ತ ರೀ ಅದು. ಕಾವು ತಡಿಯಂಗಿಲ್ಲ. ಮೊದಲೇ ಹೇಳಿದ್ನಲ್ಲ.”

“ಹೇಳೀರಿ, ಬರದೀನಿ. ಗುಂಪು ಬ್ಯಾರೆ ಮಾಡಿದ ಮ್ಯಾಲ ಡ್ರೈಯರ್ ಗುಂಪಿಗೆ ತೊಟ್ಟಿ ಕಾಣವಲ್ಲದು. ನಿಮಗೂ ಇಲ್ಲಿಗೆ ಬಂದ್ರ ತೊಟ್ಟಿ ಮರತಿರ್ತೈತಿ ಅಂದ್ರಿ. ಮತ್ತ ಹೆಂಗ ಗೊತ್ತಾತು?”

ನನ್ನ ಕೈ ಡ್ರೈಯರ್ ಬಾಗಿಲ ಹಿಡಿಕೆಯ ಮೇಲಿತ್ತು. ಬೆರಳಿಗೆ ಚೀಲ ಹೊಲಿಯುವ ಸುತ್ಲಿಯ ತುಂಡು ತಾಗಿತು. ಕಟ್ಟಿದವನು ನಾನೇ. ಭತ್ತ ಹೊತ್ತು ಮೀರಿ ನೆನೆದರೆ, ಅದು ಹೋಗುವ ಡ್ರೈಯರಿಗೆ ಒಂದು ಗಂಟು ಹಾಕುವುದು ಎಷ್ಟೋ ವರ್ಷದ ರೂಢಿ. ಹದಿನೈದು ದಿನ ಬಾಯಿ ನೋಯುವಷ್ಟು ಮಾತಾಡಿದ್ದೆ, ಇದು ಹೇಳಬೇಕಾದ ಮಾತೆಂದೇ ಅನಿಸಿರಲಿಲ್ಲ.

ಗಂಟು ಯಾಕೆಂದು ಹೇಳಿದಾಗ ಮೇಡಂ ಅದನ್ನು ಮುಟ್ಟಿ ನೋಡಿದರು. “ಇಷ್ಟ ಸಾಕಣ್ಣಾ. ತೊಟ್ಟಿ ಪೂರಾ ಕತಿ ಇಲ್ಲಿಗೆ ಬರಾದು ಬ್ಯಾಡ.” ತೊಟ್ಟಿಯ ಗುಂಪಿನಿಂದ ಡ್ರೈಯರ್ ಗುಂಪಿಗೆ ಅದೊಂದೇ ಗುರುತು ದಾಟುವಂತೆ ಮಾಡಿ, ಅದಕ್ಕೆ ‘ಸುತ್ಲಿ’ ಎಂದೇ ಹೆಸರಿಟ್ಟರು.

ಎರಡನೇ ಪರೀಕ್ಷೆಗೆ ಸಾವ್ಕಾರರು ಕುರ್ಚಿ ಹಾಕಿಸಿಕೊಂಡು ಕುಳಿತರು. ಪರದೆ ‘ಈಗ ನಿಲ್ಲಿಸಿ’ ಎಂದಿತು. ನಾನು ಕಾಳು ಕಚ್ಚಿದೆ. ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಇನ್ನೂ ಹಸಿ ಐತಿ ಎಂದಿದ್ದರೆ ಯಾರೂ ಎದುರಾಡುತ್ತಿರಲಿಲ್ಲ.

“ಸರಿಯಾಗೈತ್ರಿ,” ಎಂದೆ.

“ಇರ್ಲಿ ಬಿಡ್ರಿ ಹಂಗಾರ,” ಎಂದು ಸಾವ್ಕಾರರು ಎದ್ದು ಹೋದರು.

ಡಬ್ಬಿ ಉಳಿಯಿತು, ಮೇಡಂ ಬಳ್ಳಾರಿಗೆ ಮರಳಿದರು. ಎರಡು ದಿನ ಬಿಟ್ಟು ಬಾಯ್ಲರ್ ಪಕ್ಕದ ಗೋಡೆಯಲ್ಲಿ ಸೀಮೆಸುಣ್ಣದ ಗೆರೆಗಳು ಕಣ್ಣಿಗೆ ಬಿದ್ದವು. ಅವೂ ನನ್ನವೇ. ಯಾವಾಗ ಎಳೆಯುತ್ತೇನೆ, ಯಾಕೆ ಎಳೆಯುತ್ತೇನೆ ಎಂದು ಕಾದು ನೋಡುತ್ತಿದ್ದೇನೆ. ತಿಳಿದ ದಿನ ಬಳ್ಳಾರಿಗೆ ಫೋನ್ ಮಾಡಬೇಕು.